ಗಾರೆ ಮೇಸ್ತ್ರಿಯ ಮೆಟ್ಟಿಲ ಮೇಲೆ ಅಪ್ಪ

ಊರಿನಿಂದ,
ಮಾರ್ಚ್ ಹನ್ನೆರಡು, ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯೇ? ಊಟ ಸೇರುತ್ತಿದೆಯಾ? ಅಳಿಯಂದಿರು ಚೆನ್ನಾಗಿದ್ದಾರಾ? ನಾಲ್ಕು ವರ್ಷದ ಮೇಲೆ ಅಮ್ಮನ ಅಕ್ಷರ ನೋಡಿ ಗಾಬರಿಯಾಗಬೇಡ, ಇಲ್ಲಿ ಇಬ್ಬರೂ ಗಟ್ಟಿಯಾಗಿದ್ದೇವೆ.

ನೀನು ಕೆಳಗಿನ ಬೀದಿಯ ಗಾರೆ ಮೇಸ್ತ್ರಿಯ ಮಗನನ್ನು ಮದುವೆಯಾದಾಗ ಎರಡು ಜಾತಿಯವರೂ ಕಾದಾಡಲು ನಿಂತಿದ್ದರು. ನೀವಿಬ್ಬರೂ ಊರಿಗೆ ಕಾಲಿಡಬಾರದು, ಎರಡು ಮನೆಯವರೂ ಪರಸ್ಪರ ಮಾತಾಡಬಾರದು ಎಂದು ಹಿರಿಯರು ಬರೆಸಿದ ಕಾಗದಕ್ಕೆ ನಿಮ್ಮಪ್ಪ ಸಹಿ ಹಾಕಿದ್ದು ನಿನಗೆ ಗೊತ್ತು. ಗೊತ್ತಿಲ್ಲದ್ದನ್ನು ಹೇಳುತ್ತೇನೆ. ನೀನು ಅತ್ತೆ ಮಾವನಿಗೆ ಬರೆಯುವ ಪತ್ರಗಳನ್ನು ಆ ಮನೆಗೆ ಮುಟ್ಟಿಸುವ ಪೋಸ್ಟ್‌ಮ್ಯಾನ್ ನಿಮ್ಮಪ್ಪನೇ ಅಲ್ಲವೇ! ಪ್ರತಿ ಸಲವೂ ಊಟಕ್ಕೆ ಬಂದಾಗ ಅದನ್ನು ಚೀಲದಿಂದ ತೆಗೆದು ಮೇಜಿನ ಮೇಲಿಡುತ್ತಿದ್ದರು. ಒಡೆದು ಓದುವವರಲ್ಲ. ನಾನು ನಿನ್ನ ಅಕ್ಷರದ ಮೇಲೆ ಕೈಯಾಡಿಸುತ್ತಿದ್ದೆ. ಅವರು ಕೈ ತೊಳೆದು ಬಂದು, ಮತ್ತೆ ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದರು.

ಮೊನ್ನೆ ಸೋಮವಾರ ಮೇಸ್ತ್ರಿ ಬಾಗಿಲಲ್ಲೇ ತಡೆದು, "ಕನ್ನಡಕ ಒಡೆದೋಗಿದೆ, ನೀವೇ ಓದಿ ಹೇಳಿಬಿಡಿ" ಅಂದರಂತೆ. ಕನ್ನಡಕ ಜೇಬಿನಿಂದ ಇಣುಕುತ್ತಿತ್ತಂತೆ! ನಿಮ್ಮಪ್ಪ ಆ ಮನೆಯ ಮೆಟ್ಟಿಲ ಮೇಲೆ ಕೂತು, ಹೋಗಿ ಬರುವವರೆಲ್ಲ ನೋಡುತ್ತಿರುವಾಗಲೇ ಗಟ್ಟಿಯಾಗಿ ಓದಿದರು. ನಿನಗೆ ಐದು ತಿಂಗಳು ಎನ್ನುವಲ್ಲಿಗೆ ಬಂದಾಗ ಕಾಗದವನ್ನು ಮೇಸ್ತ್ರಿಯ ಕೈಗಿಟ್ಟುಬಿಟ್ಟರು. ಉಳಿದದ್ದನ್ನು ಮೇಸ್ತ್ರಿಯೇ ಓದಬೇಕಾಯಿತು.

ಮರುದಿನವೇ ಹಿರಿಯರು ಕರೆಸಿದರು. ನಾನೂ ಹೋಗಿದ್ದೆ. "ನಾಲ್ಕು ವರ್ಷದಿಂದ ಊರು ತಣ್ಣಗಿದೆ, ಯಾಕೆ ಕೆದಕ್ತೀರಿ?" ಅಂದರು. ಯಾರೆದುರೂ ದನಿ ಎತ್ತದ ಮನುಷ್ಯ ಎದ್ದು ನಿಂತು, "ಊರು ತಣ್ಣಗಿರ್ಲಿ ಅಂತ ಮಗಳನ್ನೇ ಬಿಟ್ಟುಕೊಟ್ಟೆ. ಇನ್ನು ನನ್ನ ಕೈಲಾಗಲ್ಲ. ಆ ಸಹಿ ನಂದಲ್ಲ ಅಂದ್ಕೊಳ್ಳಿ" ಅಂದುಬಿಟ್ಟರು. ಯಾರೂ ಹೊಡೆದಾಟಕ್ಕೆ ಏಳಲಿಲ್ಲ ಕಣೇ. ಎದುರು ಮನೆಯವಳು ಮಾತ್ರ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾಳೆ. ತಿರುಗಿಸಲಿ, ಕತ್ತು ನೋವು ಅವಳಿಗೇ.

ನಿನ್ನನ್ನು ಬಾಯ್ತುಂಬ ಕರೆದು ಎಷ್ಟು ದಿನವಾಯಿತು! ನಿನ್ನೆ ನಿನ್ನ ಕೋಣೆ ಗುಡಿಸುವಾಗ ಸುಮ್ಮನೆ ಒಂದು ಸಲ ಕರೆದೆ. ಆಮೇಲೆ ಪೊರಕೆ ಹಿಡಿದು ಅಲ್ಲೇ ಕೂತುಬಿಟ್ಟೆ.

ನಿಮ್ಮಿಬ್ಬರ ಹೊಟ್ಟೆ ತಣ್ಣಗಿರಲಿ.

ನಿನ್ನ
ಅಮ್ಮ

ಮರೆತಿದ್ದೆ: ಅಪ್ಪ ಚೀಲ ಹೆಗಲಿಗೇರಿಸಿ ಕಾಯುತ್ತಿದ್ದಾರೆ, ಗೀಚುತ್ತಿದ್ದೇನೆ. ಇಪ್ಪತ್ತನೇ ತಾರೀಕು ಬೆಳಗಿನ ಬಸ್ಸಿಗೆ ಇಬ್ಬರೂ ಬನ್ನಿ. ಊರಾಚೆ ಇಳಿದು ಹಿಂದಿನ ದಾರಿ ಹಿಡಿಯಬೇಡಿ. ಅಪ್ಪನೂ ನಿನ್ನ ಮಾವನೂ ಬಸ್ ಸ್ಟಾಪಿನಲ್ಲೇ ನಿಂತಿರುತ್ತಾರೆ. ನಮ್ಮ ಬೀದಿಯ ನಡುವೆಯೇ ನಡೆದು ಬನ್ನಿ, ನೋಡುವವರು ನೋಡಲಿ.