ಮಾವನ ಹೆಬ್ಬೆರಳು ಮತ್ತು ಗಾಜಿನ ಬಾಗಿಲು

ಮಾರ್ಚ್ ೧೪, ಗುರುವಾರ

ಸೋದರಮಾವನ ಜೊತೆ ಇವತ್ತು ಜಗಳವಾಯಿತು. ಸುಸ್ತು.

ಉಕ್ಕು ಕಡೆಯುವ ಕಂಪ್ಯೂಟರ್ ಲೇತ್ ಬಂದು ವಾರವಾಯಿತು. ಯಂತ್ರ ನಮ್ಮ ಶೆಡ್ಡಿಗೆ ಹೊಂದಿಕೊಂಡಿದೆ, ಮಾವ ಇನ್ನೂ ಇಲ್ಲ. ಹಳೆಯ ಲೇತಿನಲ್ಲಿ ಉಕ್ಕು ತಿರುಗುತ್ತಿರುವಾಗಲೇ ಹೆಬ್ಬೆರಳು ತಾಗಿಸಿ ನುಣುಪು ನೋಡುವುದು ಅವರ ಅಭ್ಯಾಸ. ಹೊಸದಕ್ಕೆ ಗಾಜಿನ ಬಾಗಿಲು. ತೆರೆದರೆ ಯಂತ್ರ ಮುನಿಸಿಕೊಂಡು ನಿಂತುಬಿಡುತ್ತದೆ. ಅತ್ತೆ ಕೂಡ ಅವರ ಮೇಲೆ ಇಷ್ಟು ಸಲ ಮುನಿದಿರಲಾರರು.

ಇವತ್ತು ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಅಂತೂ ಮಾವ ಪಳಗಿದರು ಎಂದು ಹಿಗ್ಗಿದೆ. ಸಂಜೆ ಹೋಗಿ ನೋಡಿದರೆ, ಬಾಗಿಲಿನ ಸ್ವಿಚ್ಚಿನೊಳಗೆ ಒಂದು ಉಕ್ಕಿನ ಬಿಲ್ಲೆ. ಹಳೆಯ ಲೇತಿನಲ್ಲಿ ತಾವೇ ಕಡೆದು ಕೂರಿಸಿದ್ದಾರೆ. ಬಾಗಿಲು ಮುಚ್ಚಿದೆ ಎಂದು ನಂಬಿ ಯಂತ್ರ ಗಿರ್ರೆಂದು ತಿರುಗುತ್ತಿದೆ, ಒಳಗೆ ಮಾವನ ಕೈ.

ಓಡಿ ನಿಲ್ಲಿಸಿ, ಬಿಲ್ಲೆ ಕಿತ್ತುಕೊಂಡೆ. "ಮಾವ, ಇದು ಕೈ ಎಳ್ಕೊಂಡ್ರೆ ವಾಪಸ್ ಕೊಡಲ್ಲ."

"ಇಷ್ಟು ವರ್ಷ ಹತ್ತೂ ಬೆರಳು ನೆಟ್ಟಗಿವೆಯಲ್ಲೋ. ನಿನ್ನ ಕಿವಿ ಹಿಂಡಿ ಕೆಲಸ ಕಲಿಸಿದ್ದೂ ಇವೇ."

"ಇನ್ನೊಂದ್ಸಲ ಹಿಂಡೋಕಾದ್ರೂ ಇರಲಿ ಅಂತಾನೇ ಹೇಳ್ತಿರೋದು."

ಅವರು ನಗಲಿಲ್ಲ. ಕೈ ತೊಳೆದು, ಶೆಡ್ಡಿನ ಬೀಗದಕೈಯನ್ನು ನನ್ನ ಮೇಜಿನ ಮೇಲಿಟ್ಟರು. "ಬಾಗಿಲು ಕಾಯೋನು ನೀನೇ ತಾನೆ, ನಾಳೆಯಿಂದ ನೀನೇ ತೆಗಿ."

ಬೆಳಿಗ್ಗೆ ಅವರ ಮನೆಗೆ ಹೋಗಿ ಬೀಗದಕೈ ವಾಪಸು ಕೊಡಬೇಕು. ಬಿಲ್ಲೆಯನ್ನು ಮಾತ್ರ ಕೊಡುವುದಿಲ್ಲ, ಎಷ್ಟು ಬೈದರೂ. ಈಗ ಅದು ನನ್ನ ಎದುರಿಗಿದೆ. ಎಷ್ಟು ನುಣುಪಾಗಿದೆ. ಆಗಿನಿಂದ ಹೆಬ್ಬೆರಳಲ್ಲಿ ಸವರುತ್ತಲೇ ಕೂತಿದ್ದೇನೆ.