ಮಂಗಳವಾರದ ಹುಬ್ಬುಗಳು

ಮಾರ್ಚ್ 5, ಮಂಗಳವಾರ

ವ್ಯಾಕ್ಸ್ ಹೀಟರ್ ಮತ್ತೆ ಕೈಕೊಟ್ಟಿತು. ಮಧ್ಯಾಹ್ನ ಗಿರಾಕಿ ಇಲ್ಲ — ಪಾರ್ಲರ್ ಶಟರ್ ಅರ್ಧ ಇಳಿಸಿ ಓದಲು ಕೂತೆವು. ಟೀಚರಮ್ಮ ತಂದ ಕಾದಂಬರಿ. ರಿಟೈರ್ ಆದಮೇಲೆ ಹೆಂಗಸರು ಬರೆದದ್ದನ್ನು ಮಾತ್ರ ಓದುವುದು ಅಂತ ಅವರ ಹಟ. ಗಟ್ಟಿಯಾಗಿ ಓದುವುದು ರೇಡಿಯೋ. ಮೆಡಿಕಲ್ ಶಾಪಿನವನ ಹೆಂಡತಿ. ದನಿ ಹಾಗಿದೆ ಅಂತ ನಾವಿಟ್ಟ ಹೆಸರು.

ಅಡುಗೆಗೆ ಉಪ್ಪು ಕಮ್ಮಿ ಅಂತ ಕಥೆಯ ಗಂಡ ತಟ್ಟೆ ಎಸೆದ. ರೇಡಿಯೋ ಅಲ್ಲಿ ನಿಲ್ಲಿಸಿದಳು. "ಇದನ್ನ ಬರೆದೋಳಿಗೆ ನಮ್ಮನೆ ಅಡುಗೆಮನೆ ಹೇಗೆ ಗೊತ್ತಾಯ್ತು?" ಅಂತ ನಕ್ಕಳು. ನಾವೂ ನಕ್ಕೆವು, ದೇವರೇ.

ಆಮೇಲೆ ಮಾಮೂಲಿ — ಎಲ್ಲರಿಗೂ ಐಬ್ರೋ. ಮನೆಯಲ್ಲಿ ಪಾರ್ಲರಿಗೆ ಅಂತ ಹೇಳಿ ಬಂದಮೇಲೆ ಸಾಕ್ಷಿ ಬೇಕಲ್ಲ! ವಾರ ವಾರ ಕೀಳಲು ಕೂದಲೆಲ್ಲಿದೆ? ದರ್ಜಿ ಅಕ್ಕ ಅಂದಳು: "ಪುಸ್ತಕ ಮುಗಿಯೋ ಹೊತ್ತಿಗೆ ನಮ್ಮ ಹುಬ್ಬೂ ಮುಗಿದಿರುತ್ತೆ ಬಿಡೇ."

ಮಾರ್ಚ್ 12, ಮಂಗಳವಾರ

ಕೊನೇ ಅಧ್ಯಾಯ ಒಂದೇ ಬಾಕಿ. ಕಥೆಯವಳು ಅಟ್ಟದಿಂದ ಸೂಟ್‌ಕೇಸ್ ಇಳಿಸಿದ್ದಾಳೆ. ರೇಡಿಯೋಗೆ ನಿಲ್ಲಿಸಲು ಮನಸ್ಸೇ ಇಲ್ಲ. "ಹೋಗ್ತಾಳೆ ನೋಡಿ ಅಕ್ಕಾ. ಹೋಗೇ ಹೋಗ್ತಾಳೆ."

ಅವಳ ಹುಬ್ಬಿನ ಕೆಳಗೆ ಚರ್ಮ ಕೆಂಪಗೆ ಸುಲಿದಿತ್ತು. ದಾರ ಹಾಕಲು ಮನಸ್ಸು ಬರಲಿಲ್ಲ. ಈ ವಾರ ಬೇಡ ಅಂತ ಬರೀ ಕ್ರೀಮ್ ಹಚ್ಚಿ ಕಳಿಸಿದೆ.

ಮಾರ್ಚ್ 26, ಮಂಗಳವಾರ

ರೇಡಿಯೋ ಇವತ್ತೂ ಇಲ್ಲ. ಫೋನ್ ಸ್ವಿಚ್ಡ್ ಆಫ್. ಟೀಚರಮ್ಮನೇ ಓದಿ ಮುಗಿಸಿದರು.

ಕಥೆಯವಳು ಹೋಗಲಿಲ್ಲ. ಸೂಟ್‌ಕೇಸ್ ಮತ್ತೆ ಅಟ್ಟಕ್ಕೆ ಹಾಕಿ ಪಾತ್ರೆ ತೊಳೆಯಲು ಕೂತಳು. ಅಷ್ಟೇ! ಮೈಯೆಲ್ಲ ಉರಿಯಿತು. "ಇದನ್ನ ಕೇಳೋಕೆ ಇಷ್ಟು ಹುಬ್ಬು ಕಿತ್ಕೊಂಡ್ವಾ?" ಅಂದೆ.

"ಇದ್ದದ್ದನ್ನ ಬರೆದಿದ್ದಾಳೆ ಕಣೇ. ನಿನಗೆ ಸಿಟ್ಟು ಬರಲಿ ಅಂತಾನೇ" ಅಂದರು ಟೀಚರಮ್ಮ.

ಮಾರ್ಚ್ 30, ಶನಿವಾರ

ರೇಡಿಯೋನ ಅವಳ ಗಂಡನೇ ಕರೆದುಕೊಂಡು ಬಂದ. "ಸಂಜೆ ಮದುವೆಗೆ ಹೋಗ್ಬೇಕು ಮೇಡಂ, ಮುಖ ಸ್ವಲ್ಪ ಸರಿಮಾಡಿ. ಬಾತ್‌ರೂಮಲ್ಲಿ ಜಾರಿಬಿಟ್ಲು." ಎಡಗೆನ್ನೆ ಪೂರ್ತಿ ನೇರಳೆ. "ಐಬ್ರೋನೂ ಮಾಡಿ. ಅವತ್ತು ಮಧ್ಯಾಹ್ನ ಎಲ್ಲಾ ಇಲ್ಲಿದ್ದು ಹುಬ್ಬು ಹಾಗೇ ಇಟ್ಕೊಂಡು ಬಂದಿದ್ಲು." ನಗುನಗುತ್ತಲೇ ಹೇಳಿದ.

ಕನಿಕರ ಪಟ್ಟದ್ದು ನಾನು, ಏಟು ತಿಂದದ್ದು ಅವಳು.

ಅವನು ಹಿಂದೆ ಮೊಬೈಲ್ ಹಿಡಿದು ಕೂತ. ಕಲೆ ಮುಚ್ಚುವ ಕನ್ಸೀಲರ್ ಹಚ್ಚುತ್ತಿದ್ದೆ. ಕಣ್ಣು ಮುಚ್ಚಿಕೊಂಡೇ ಕೇಳಿದಳು: "ಅಕ್ಕಾ, ನಿಮ್ಮ ನೆಂಟರ ಹುಡುಗಿ... ಸೂಟ್‌ಕೇಸ್ ಇಳಿಸಿದ್ಲಲ್ಲ, ಆಮೇಲೇನಾಯ್ತು?"

ಅವನು ತಲೆಯೆತ್ತಿದ.

"ಹೋದ್ಲು" ಅಂದುಬಿಟ್ಟೆ. "ಈಗ ಚೆನ್ನಾಗಿದ್ದಾಳಂತೆ."

"ಅಂಥೋರಿಗೆ ಕಾಲು ಮುರೀಬೇಕು" ಅಂದ. ಮತ್ತೆ ಮೊಬೈಲ್.

ಮೇಕಪ್ ಚೆನ್ನಾಗಿ ಕೂತಿತು. ಗುರುತು ಒಂದು ಚೂರೂ ಕಾಣಲಿಲ್ಲ. ನನ್ನ ಕಸುಬಿಗಿಷ್ಟು ಬೆಂಕಿ ಬೀಳ.

ಏಪ್ರಿಲ್ 2, ಮಂಗಳವಾರ, ಬೆಳಿಗ್ಗೆ

ಶಟರ್ ಎತ್ತಲು ಬಂದರೆ ಬಾಗಿಲಲ್ಲೇ ನಿಂತಿದ್ದಳು ರೇಡಿಯೋ. ಕೈಯಲ್ಲಿ ಬ್ಯಾಗು. ಕಾಲಲ್ಲಿ ಎರಡು ಬೇರೆ ಬೇರೆ ಚಪ್ಪಲಿ. ಹಿಂದಿನ ರೂಮಿನಲ್ಲಿ ಫೇಶಿಯಲ್ ಮಂಚದ ಮೇಲೆ ಕೂರಿಸಿ ನೀರು ಕೊಟ್ಟೆ.

"ಅವಳು ಹೋದ್ಲು ಅಂದ್ರಲ್ಲ, ಅದಕ್ಕೇ ಧೈರ್ಯ ಬಂತು" ಅಂದಳು. ಆಮೇಲೆ, "ಎಲ್ಲಿಗೆ ಹೋದ್ಲು ಅಕ್ಕಾ? ಮೊದಲನೇ ರಾತ್ರಿ ಎಲ್ಲಿ ಮಲಗಿದ್ಲು? ಅಷ್ಟು ಹೇಳಿ, ಸಾಕು."

ಟೀ ತರಿಸ್ತೀನಿ ಅಂತ ಕೌಂಟರಿಗೆ ಬಂದು ಕೂತಿದ್ದೇನೆ. ಸುಮ್ಮನೆ ಗೀಚುತ್ತಿದ್ದೇನೆ. ಟೀಚರಮ್ಮ ಫೋನ್ ಎತ್ತುತ್ತಿಲ್ಲ. ನನ್ನ ಮನೆಗೆ? ಅವನು ಮೊದಲು ಹುಡುಕುವುದೇ ಅಲ್ಲಿ. ಬಾಯಿಗೆ ಬಂದದ್ದು ಹೇಳಿಬಿಟ್ಟೆ, ಈಗ ಇವಳ ಬೆನ್ನಿಗೆ ಯಾರಿದ್ದಾರೆ? ನಾನೇ ಇರಬೇಕು.

ಒಳಗಿಂದ ಓದುವ ದನಿ. ಅಯ್ಯೋ, ಪುಸ್ತಕ ಅಲ್ಲೇ ಟವೆಲ್ ಶೆಲ್ಫಿನಲ್ಲಿತ್ತು! ಬಿಟ್ಟಲ್ಲಿಂದ, ಆ ಕೊನೇ ಅಧ್ಯಾಯ ಓದುತ್ತಿದ್ದಾಳೆ... ಒಳ್ಳೇ ದನಿ, ಎಷ್ಟು ಸ್ಪಷ್ಟ... ಹೋಗಿ ಕಿತ್ತುಕೊಳ್ಳಬೇಕು. ಏನಂತ ಹೇಳಿ?

ದನಿ ನಿಂತಿತು. ಮಂಚ ಕಿರುಗುಟ್ಟಿತು. ಬ್ಯಾಗು ಎತ್ತಿಕೊಳ್ಳುತ್ತಿದ್ದಾಳೆ, ಕಥೆಯವಳ ಹಾಗೆ ಮನೆಗೇ ವಾಪಸ್ ಹೊರಟಳು, ತಡೆಯಬೇಕು —