ಅಕ್ಕನನ್ನು ಕೇಳಲಿಲ್ಲ

ಮಾರ್ಚ್ 3
ಬೆಳಗ್ಗೆ ಮೊದಲ ಗಿರಾಕಿ ದರ್ಜಿ. ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಿದ್ದಾನಂತೆ. "ರಿಪೋರ್ಟ್ ನಾರ್ಮಲ್ ಬಂತಲ್ಲ ಸಾರ್!" ಸರಿಯಾಗಿ ಕ್ಲಾಸ್ ತೆಗೆದುಕೊಂಡೆ. ಲಿವರ್ ಕೊಲೆಸ್ಟ್ರಾಲ್ ತಯಾರಿಸುವುದಕ್ಕೆ ಮಾತ್ರೆ ತಡೆ ಹಾಕುತ್ತದೆ, ಆಗ ಲಿವರ್ ರಕ್ತದಲ್ಲಿರುವುದನ್ನೇ ಎಳೆದುಕೊಳ್ಳುತ್ತದೆ. ನಿಲ್ಲಿಸಿದರೆ ಮತ್ತೆ ಏರುತ್ತದೆ. ಇಪ್ಪತ್ತಾರು ವರ್ಷ ಔಷಧಿ ಅಂಗಡಿ ನಡೆಸಿದ್ದೇನೆ, ಸುಮ್ಮನೆಯಾ?

ಸಂಜೆ ಅಕ್ಕನ ಫೋನ್. ಕೆಮ್ಮು, ಕಫ, ಜ್ವರ. "ಡಾಕ್ಟರ್ ಯಾಕೋ, ನೀನಿಲ್ವಾ?" ಹಿಗ್ಗಿಹೋದೆ. ಕ್ಲಾರಿಥ್ರೋಮೈಸಿನ್ ಆ್ಯಂಟಿಬಯೋಟಿಕ್, ಏಳು ದಿನಕ್ಕೆ. ನಾನೇ ಹೋಗಿ ಕೊಟ್ಟು ಬಂದೆ.

ಮಾರ್ಚ್ 8
ಅಕ್ಕನಿಗೆ ಕೆಮ್ಮು ಇಳಿದಿದೆ. ತೊಡೆ ನೋವಂತೆ, ಮೆಟ್ಟಿಲು ಹತ್ತಲಾಗುತ್ತಿಲ್ಲವಂತೆ. "ವಯಸ್ಸಾಯ್ತು ಕಣಕ್ಕ, ಒಪ್ಕೋ" ಅಂದೆ. "ನಿಂಗೇನು ಎಳೇ ಪ್ರಾಯ ನೋಡು!" ಅಂದಳು. ಇಬ್ಬರೂ ನಕ್ಕೆವು.

ಮಾರ್ಚ್ 10, ಮಧ್ಯಾಹ್ನ
ಆಸ್ಪತ್ರೆ ಕಾರಿಡಾರ್. ಅಕ್ಕನ ಮೂತ್ರ ಡಿಕಾಕ್ಷನ್ ಬಣ್ಣ. ಸ್ನಾಯು ಒಡೆದು ಕಿಡ್ನಿಗೆ ಏಟು ಬಿದ್ದಿದೆ. ಡಾಕ್ಟರಮ್ಮ ಅವಳ ಮಾತ್ರೆಗಳನ್ನು ಹಾಸಿಗೆ ಮೇಲೆ ಸುರಿದರು. ಸಿಮ್ವಾಸ್ಟಾಟಿನ್, ಅದೇ ಕೊಲೆಸ್ಟ್ರಾಲ್ ಮಾತ್ರೆ... ಪ್ರತಿ ತಿಂಗಳು ನನ್ನ ಅಂಗಡಿಯಿಂದಲೇ ಹೋಗುವುದು. ಪಕ್ಕದಲ್ಲೇ ಆ ಆ್ಯಂಟಿಬಯೋಟಿಕ್. "ಇವೆರಡನ್ನ ಒಟ್ಟಿಗೆ ಕೊಟ್ಟೋರು ಯಾರ್ರೀ?"

ಗೊತ್ತಿತ್ತು ನನಗೆ. ಆ ಆ್ಯಂಟಿಬಯೋಟಿಕ್ ಕೊಲೆಸ್ಟ್ರಾಲ್ ಮಾತ್ರೆಯನ್ನು ಮೈಯಿಂದ ಹೊರಹೋಗಲು ಬಿಡುವುದಿಲ್ಲ, ಮಾತ್ರೆ ರಕ್ತದಲ್ಲಿ ಏರುತ್ತಲೇ ಹೋಗಿ ಸ್ನಾಯು ಒಡೆಯುತ್ತದೆ. ಅಪರಿಚಿತರನ್ನೆಲ್ಲ ಕೇಳುತ್ತೇನೆ — "ಬೇರೇನಾದ್ರೂ ಮಾತ್ರೆ ತಗೋತೀರಾ?" ಅಕ್ಕನನ್ನು ಕೇಳಲಿಲ್ಲ. ಮನೆಯವಳಲ್ಲವೇ, ಎಲ್ಲ ಗೊತ್ತು ಎಂಬ ಧಿಮಾಕು.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು: "ಹಳೇದು ಮನೇಲಿತ್ತು ಡಾಕ್ಟ್ರೇ, ನಾನೇ ನುಂಗ್ದೆ."

ಡಾಕ್ಟರಮ್ಮ ಚೆನ್ನಾಗಿ ಬೈದರು. ಅಕ್ಕ ತಲೆ ತಗ್ಗಿಸಿ ಬೈಸಿಕೊಂಡಳು. ನಾನು ಗೋಡೆ ನೋಡುತ್ತ ನಿಂತಿದ್ದೆ. ಥೂ, ನನ್ನ ಜನ್ಮಕ್ಕೆ.

ಮಾರ್ಚ್ 19
ಡಯಾಲಿಸಿಸ್ ಬೇಕಾಗಲಿಲ್ಲ. ಅಕ್ಕ ಮನೆಗೆ ಬಂದಳು, ಗೋಡೆ ಹಿಡಿದು ನಡೆಯುತ್ತಾಳೆ. "ಡಾಕ್ಟರಿಗೆ ಹೇಳ್ಬಿಡ್ತೀನಕ್ಕ" ಅಂದೆ. "ಸುಮ್ನಿರೋ. ಅಂಗಡಿ ಮುಚ್ಚಿಸ್ಕೋತೀಯಾ?" ಸುಮ್ಮನಾದೆ. ಎಷ್ಟು ಬೇಗ ಸುಮ್ಮನಾದೆ! ಅದನ್ನು ನೆನೆದರೇ ನಾಚಿಕೆ.

ಮಾರ್ಚ್ 24, ಸಂಜೆ
ಅಕ್ಕನ ಪಕ್ಕದ ಮನೆಯಾಕೆ ಅಂಗಡಿಗೆ ಬಂದಿದ್ದರು. "ನಿಮ್ಮಕ್ಕ ಹೇಳಿದ್ರು, ನನ್ ಥರ ಪೆದ್ದುತನ ಮಾಡ್ಬೇಡಿ, ನಮ್ ತಮ್ಮನ್ನ ಕೇಳ್ದೆ ಒಂದು ಮಾತ್ರೇನೂ ನುಂಗ್ಬೇಡಿ ಅಂತ."

ಅವರ ಚೀಟಿ ಎರಡೆರಡು ಸಲ ಓದಿದೆ. ಅಕ್ಷರ ಕಾಣುತ್ತಿರಲಿಲ್ಲ. ಹೊರಟವರನ್ನು ಕೂಗಿ ನಿಲ್ಲಿಸಿದೆ. "ಅಮ್ಮಾ, ನಮ್ಮಕ್ಕ ಪೆದ್ದಿ ಅಲ್ಲ. ಅದನ್ನ ಅವಳು ತಾನಾಗೇ ನುಂಗಿದ್ದಲ್ಲ."

"ಮತ್ತೆ?" ಅಂದರು.

"ನಾನು ಕೊಟ್ಟಿದ್ದು. ಬೇರೇನು ಮಾತ್ರೆ ತಗೋತೀಯ ಅಂತ ಅವಳನ್ನ ಕೇಳ್ಲಿಲ್ಲ" ಅಂದೆ.